ಅಗಿದು ತಿಂದ ಮುದ್ದೆ

“ಬುದ್ಧಿ, ನಮ್ಮವ್ವನ ಹಾಡಿನಲ್ಲಿ ಸತ್ವ ಇರಲಿಲ್ಲವೇ?”

ಹಾಗೆಂದು ಗುರುಗಳನ್ನು ಕೇಳಿದವನು ಹೊಂಬಯ್ಯ. ವಿಶ್ವವಿದ್ಯಾಲಯದಲ್ಲಿ ಸಾಹಿತ್ಯ ಕಲಿಸುವವನು. ಪರದೇಶದ ಪದ್ಯಗಳನ್ನೇ ಎಷ್ಟು ದಿನ ಉರು ಹೊಡೆಸುವುದು ಎಂದು ಜಗಳ ಕಾದು, ತಾಯಿ ರಾಗಿ ಬೀಸುವಾಗ ಹಾಡುತ್ತಿದ್ದ ಪದಗಳನ್ನು ಪಠ್ಯಕ್ಕೆ ಸೇರಿಸಿದ್ದ. ತಾಯಿ ಈಗಿಲ್ಲ. ಉಳಿದದ್ದು ಆ ಪದಗಳು ಮಾತ್ರ. ಹುಡುಗರು ಪರೀಕ್ಷೆಯಲ್ಲಿ ಬರೆದರು: ಹೇಳಿದ್ದನ್ನೇ ಹೇಳುತ್ತದೆ, ಇದಕ್ಕೆ ಕೇಂದ್ರ ವಿಚಾರವೇ ಇಲ್ಲ. ಜೊತೆಯ ಮೇಷ್ಟರೊಬ್ಬರು, “ನಿಮ್ಮವ್ವನ ಹಾಡು ನಿಮ್ಮನೇಲೇ ಇರಲಿ ಬಿಡಿ ಮಾರಾಯ್ರೆ” ಎಂದು ನಕ್ಕರು. ಬರುವ ವರ್ಷ ಅದನ್ನು ಪಠ್ಯದಿಂದ ತೆಗೆಯುತ್ತಾರೆ.

ಗುರುಗಳು ಕೂರಲು ಹೇಳಿ, ಕತೆ ತೆಗೆದರು.

ಒಂದು ನಾಡನ್ನು ಪರದೇಶದ ದೊರೆ ಆಳುತ್ತಿದ್ದ. ಅವನದೊಂದು ಊಟದ ಶಾಲೆ. ಅಲ್ಲಿ ಸುಟ್ಟ ರೊಟ್ಟಿಯನ್ನು ಚಾಕುವಿನಲ್ಲಿ ಕೊಯ್ದು, ನಿಧಾನವಾಗಿ ಅಗಿದು, ರುಚಿ ಎಂಥದೆಂದು ಹೇಳುವುದನ್ನು ಕಲಿಸುತ್ತಿದ್ದರು. ಚೆನ್ನಾಗಿ ಹೇಳಿದವನಿಗೆ ಹುದ್ದೆ. ಹೇಳಲಾರದವನಿಗೆ ಹೊರಬಾಗಿಲು.

ಕಾಲ ತಿರುಗಿತು. ದೊರೆ ಗಂಟುಮೂಟೆ ಕಟ್ಟಿದ. ಆ ಶಾಲೆಯಲ್ಲೇ ಕಲಿತು ಯಜಮಾನರಾದವರು, “ಇನ್ನು ನಮ್ಮ ನೆಲದ ಊಟವೇ ಆಗಬೇಕು” ಎಂದು ಹಳ್ಳಿಯಿಂದ ಒಬ್ಬ ಅಡುಗೆಯವಳನ್ನು ಕರೆಸಿದರು.

ಖುಷಿಗೆ ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅದೇ ಶಾಲೆಯ ಅಂಗಳವನ್ನು ಅವಳ ತಾಯಿ ಗುಡಿಸಿದ್ದಳು, ಒಳಗೆ ಕಾಲಿಟ್ಟವಳಲ್ಲ. ಮಗಳು ಒಳಗೇ ಒಲೆ ಹೊತ್ತಿಸಿದಳು. ತಾಯಿ ಕಲಿಸಿದಂತೆಯೇ ಗಂಟಿಲ್ಲದ ಹಾಗೆ ತೊಳಸಿ ಮುದ್ದೆ ಕಟ್ಟಿದಳು. ಅವರೆಕಾಳಿನ ಸಾರು ಮಾಡಿದಳು.

ಯಜಮಾನರು ಬಂದು ಕೂತರು. ಊಟ ಬದಲಾಗಿತ್ತು, ಚಾಕು ಅಲ್ಲೇ ಇತ್ತು. ಮುದ್ದೆಯನ್ನು ಕೊಯ್ದರು, ಅಗಿದರು, ಇನ್ನೂ ಅಗಿದರು.

“ಏನಮ್ಮಾ ಇದು? ಹಲ್ಲಿಗೆ ಮೆತ್ತಿಕೊಳ್ಳುತ್ತೆ. ರುಚಿ ಅನ್ನೋದೇ ಇಲ್ಲ.”

“ಅಯ್ಯೋ, ಅಗೀಬಾರ್ದು ಸ್ವಾಮಿ! ಕೈಯಲ್ಲಿ ಮುರಿದು ಸಾರಲ್ಲಿ ಹೊರಳಿಸಿ ನುಂಗಬೇಕು.”

“ನುಂಗೋಕೆ ನಾವೇನು ಹೆಬ್ಬಾವೇ? ಅಗಿಯದೆ ರುಚಿ ಹೇಳೋದು ಹೇಗಮ್ಮಾ?”

ಶಾಲೆಯೆಲ್ಲ ನಕ್ಕಿತು. ಅವಳೂ ನಕ್ಕಳು, ನಗದೆ ಇನ್ನೇನು ಮಾಡಿಯಾಳು. ಒಲೆ ಕೈತಪ್ಪಿದರೆ ತಾಯಿಯ ಹಾಗೆ ಅಂಗಳಕ್ಕೇ ಹೋಗಬೇಕು. ಮರುದಿನ ಮುದ್ದೆಯನ್ನು ಬಿಲ್ಲೆಬಿಲ್ಲೆಯಾಗಿ ಕೊಯ್ದು, ತುಪ್ಪದಲ್ಲಿ ಗರಿಗರಿಯಾಗಿ ಹುರಿದು, ಮೇಲೆ ಬೆಲ್ಲ ಉದುರಿಸಿಟ್ಟಳು. ಕಟಕಟ ಅಗಿದ ಯಜಮಾನರು ತಲೆದೂಗಿದರು. “ನೋಡಿದಿರಾ, ನಮ್ಮ ಊಟವೂ ಅವರದಕ್ಕೆ ಏನೂ ಕಡಿಮೆಯಿಲ್ಲ!” ಒಲೆ ಅವಳಿಗೇ ಉಳಿಯಿತು. ದಿನವೂ ಅದನ್ನೇ ಮಾಡಿದಳು. ದಿನವೂ ಅದನ್ನೇ ತಿಂದಳು.

ಹಬ್ಬಕ್ಕೆ ಊರಿಗೆ ಹೋದಳು. ತಾಯಿ ಬಿಸಿ ಮುದ್ದೆ ಇಟ್ಟು, ಸಾರು ಬಿಟ್ಟು, ಎದುರಿಗೆ ಕೂತಳು. ಮಗಳು ಒಂದು ತುತ್ತು ಮುರಿದು ಬಾಯಿಗಿಟ್ಟು ಅಗಿದಳು. ಮುಖ ಸಿಂಡರಿಸಿ ತಟ್ಟೆಯನ್ನು ಅತ್ತ ಸರಿಸಿದಳು.

“ಏನವ್ವಾ ಇದು? ಹಲ್ಲಿಗೆ ಮೆತ್ತಿಕೊಳ್ಳುತ್ತೆ.”

ತಾಯಿ ಆ ತಟ್ಟೆಯನ್ನು ತನ್ನತ್ತ ಎಳೆದುಕೊಂಡು ಉಂಡಳು.

ಗುರುಗಳು ಕತೆ ನಿಲ್ಲಿಸಿದರು. ಹೊಂಬಯ್ಯನಿಗೆ ಮೈಯೆಲ್ಲ ಉರಿದಿತ್ತು. “ಆ ಯಜಮಾನರ ಮನೆ ಹಾಳಾಗ! ತಾಯಿ ಕೈಯ ತುತ್ತನ್ನೇ ಮಗಳಿಗೆ ಬೇಡ ಮಾಡಿದರಲ್ಲ ಬುದ್ಧಿ!”

ಗುರುಗಳು ಅವನ ಮುಖವನ್ನೇ ನೋಡುತ್ತಾ ಕೇಳಿದರು:

“ನಿಮ್ಮವ್ವನ ಪದವನ್ನು ಆ ಹುಡುಗರ ಮುಂದೆ ಒಂದು ಸಲ ಹಾಡಿದೆಯೋ ಮಗಾ, ಇಲ್ಲ ಕೇಂದ್ರ ವಿಚಾರ ಬರೆಯಿರಿ ಅಂದೆಯೋ?”