ಬನಪ್ಪನ ಅಮಾಸಿ ಚಾಕು

ಯಾವ ಕಾಲ ಅಂತ ಕೇಳಬ್ಯಾಡ್ರಿ. ನನಗೂ ಗೊತ್ತಿಲ್ಲ, ನನಗ ಹೇಳಿದ ನಮ್ಮ ಅಜ್ಜಿಗೂ ಗೊತ್ತಿರಲಿಲ್ಲ. ಬಾಳ ಬಾಳ ಹಿಂದ ಒಂದು ಊರು. ಆ ಊರಾಗ ಹದಿನೆಂಟು ಮಗ್ಗ, ಒಂದು ಕುಲುಮಿ, ಒಬ್ಬ ಬನಪ್ಪ.

ಬನಪ್ಪ ನೇಕಾರ. ಅವನ ಮಗ್ಗದ ಸೀರಿ ಅಂದ್ರ ಸುತ್ತ ಹತ್ತೂರಾಗ ಹೆಸರು, ಅಂತಾರ. ಆದ್ರ ಅವನ ಜೀವ ಇದ್ದದ್ದು ಸೀರಿಯಾಗಲ್ಲ, ಚಾಕುವಿನಾಗ! ಮುರದ ಕುಡಗೋಲು, ಸವೆದ ಬಂಡಿ ಪಟ್ಟಿ, ಎಲ್ಲೆ ಕಬ್ಬಿಣ ಕಂಡ್ರೂ ಧೋತರದಾಗ ಕಟಗೊಂಡು ಮನಿಗೆ ಬರೋದು. ಅವನ ಹೇಣ್ತಿ ಶಾಕವ್ವ ಹಣಿ ಹಣಿ ಬಡಕೋತಿದ್ದಳು. ಮಂದಿ ನಗತಿದ್ರು. ಅಂವ ಒಂದು ಚಾಕೂನೂ ಮಾರಲಿಲ್ಲ. ಮಾಡಿದ, ಕೊಟ್ಟ, ಅಷ್ಟ.

ನೇಕಾರರು ಅಮಾಸಿ ದಿನ ಮಗ್ಗ ಮುಟ್ಟೂದಿಲ್ಲ, ನಿಮಗ ಗೊತ್ತದ. ಕಮ್ಮಾರ ಮೌನಪ್ಪನೂ ಅವತ್ತು ಸುತ್ತಿಗಿ ಹಿಡೀತಿರಲಿಲ್ಲ. ಹಂಗಾಗಿ ಕುಲುಮಿ ಖಾಲಿ, ಬನಪ್ಪನ ಕೈಯೂ ಖಾಲಿ. "ಬೆಂಕಿ ನಂದು, ಮೈ ಸುಟಗೊಂಡ್ರ ಮೈ ನಿಂದು" ಅಂತ ಮೌನಪ್ಪ ನಕ್ಕೋತ ಕುಲುಮಿ ಬಿಟ್ಟುಕೊಡತಿದ್ದ. ತಿಂಗಳಿಗೆ ಒಂದು ಅಮಾಸಿ, ಅಮಾಸಿಗೊಂದು ಚಾಕು.

ಅವಂದು ಒಂದು ರೀತಿ ಇತ್ತು. ಚಾಕು ಯಾರಿಗೋ, ಅವರ ಕೈಯಾಗ ಒಂದು ಹಸಿ ಮಣ್ಣಿನ ಮುದ್ದಿ ಕೊಡತಿದ್ದ. "ಹಿಡಿ, ಗಟ್ಟಿ ಹಿಡಿ" ಅಂತಿದ್ದ. ಐದು ಬಟ್ಟಿನ ಗುರುತು ಮೂಡಬೇಕು. ಆ ಮುದ್ದಿ ಒಣಗಿಸಿ, ಅದರ ಅಳತಿಗೆ ಹುಣಸಿ ಕಟ್ಟಿಗಿ ಕೆತ್ತಿ ಹಿಡಿ ಮಾಡತಿದ್ದ. ಆ ಚಾಕು ಆ ಕೈಗೆ ಹಿಡಿಸಿದ್ರ ಮತ್ತೊಂದು ಕೈಗೆ ಒಗ್ಗತಿರಲಿಲ್ಲ, ಅಂತಾರ.

ಈಗ ಗಾಳೆವ್ವನ ಮಾತು. ಗಾಳೆವ್ವ ಆ ಊರಿನ ಸೂಲಗಿತ್ತಿ. ಬನಪ್ಪನ್ನೂ ಆಕೀನ ಹಡಿಸಿದ್ದು, ಅವನ ಮಗಳು ಹಂಪವ್ವನ್ನೂ ಆಕೀನ. ಆದ್ರ ಮುಪ್ಪಿನಾಗ ಬಲಗೈಗೆ ವಾಯು ಬಡದು ಬಟ್ಟು ಸೊಟ್ಟ ಆದುವು, ನೋಡ್ರಿ. ಒಂದು ಮನ್ಯಾಗ ಕೂಸಿನ ಕೊಳ್ಳಿಗೆ ಹೊಕ್ಕಳ ಬಳ್ಳಿ ಸುತ್ತಿತ್ತು. ಬಳ್ಳಿ ಕೊಯ್ಯಾಕ ಹೋದ್ರ ಕುಡಗೋಲು ಕೈಯಾಗಿಂದ ಜಾರಿ ಬಿತ್ತು. ಮತ್ತ ಎತ್ತೂದ್ರಾಗ ಕೂಸು ಹೋಗಿತ್ತು. ಅವತ್ತಿಂದ ಮುದುಕಿ ಬಾಗಲಾ ಹಾಕಿ ಕುಂತಳು. ಯಾರು ಕರದ್ರೂ ಬರವಲ್ಲಳು.

ಅಂಥಾದ್ರಾಗ ಹಂಪವ್ವ ಚೊಚ್ಚಿಲ ಬಾಣಂತನಕ್ಕ ತವರಿಗೆ ಬಂದಳು. ಬ್ಯಾರೆ ಸೂಲಗಿತ್ತಿ ಅಂದ್ರ ಎರಡು ದಿನದ ದಾರಿ. ಶಾಕವ್ವ ಗಂಡನ ಮುಂದ ನಿಂತು, "ಊರಿಗೆಲ್ಲಾ ಉಳ್ಳಾಗಡ್ಡಿ ಹೆಚ್ಚಾಕ ಚಾಕು ಮಾಡಿಕೊಟ್ಟಿ. ಇದ್ದೊಬ್ಬ ಮಗಳಿಗೆ ಏನು ಮಾಡ್ತಿ, ಹೇಳು?" ಅಂತ ಅತ್ತಳು.

ಬನಪ್ಪ ಮಣ್ಣಿನ ಮುದ್ದಿ ತಗೊಂಡು ಗಾಳೆವ್ವನ ಕಟ್ಟಿ ಮ್ಯಾಲ ಹೋಗಿ ಕುಂತ. ಬ್ಯಾಡ ಅಂದಳು, ಏಳಲಿಲ್ಲ. ಬೈದಳು, ಏಳಲಿಲ್ಲ. ಮೂರು ದಿನ ಕುಂತ, ಅಂತಾರ. ಏಳು ದಿನ ಅನ್ನವರೂ ಅದಾರ, ಇರಲಿ. ಕಡೀಕ ಮುದುಕಿಗೆ ಎಲ್ಲಿಲ್ಲದ ಸಿಟ್ಟು ಬಂತು. ಅವನ ಮುಂದಿದ್ದ ಮುದ್ದಿ ಕಸಗೊಂಡು, ಆ ಸೊಟ್ಟ ಕೈಲೆನ ಹಿಚುಕಿ, ಅವನ ಮಾರಿಗೆ ಒಗ್ಯಾಕ ಎತ್ತಿದಳು. ಬನಪ್ಪ ಗಪ್ಪನ ಆಕಿ ಕೈ ಹಿಡದು, "ಒಗೀಬ್ಯಾಡ ಬೇ, ಸಾಕು, ಅಷ್ಟ ಸಾಕು" ಅಂದ. ಮುದ್ದಿ ಬಿಡಿಸಿಕೊಂಡು ಓಡಿದ.

ಅಮಾಸಿ ಬಂತು. ಬನಪ್ಪ ಸಣ್ಣ ಚಾಕು ಬಡದ. ತುದಿ ಮೊಂಡ, ಕೂಸಿಗೆ ಚುಚ್ಚಬಾರದಲ್ಲ. ಬಾಯಿ ಮಾತ್ರ ಕೂದಲಾ ಸೀಳುವಂಥಾದ್ದು. ಒಯ್ದು ಗಾಳೆವ್ವನ ಮುಂದ ಕಟ್ಟಿ ಮ್ಯಾಲಿಟ್ಟ. ಆಕಿ ಎಡಗೈಲೆ ಎತ್ತಿ ಬಲಗೈಯಾಗಿಟ್ಟುಕೊಂಡಳು. ನಿಲ್ಲಲಿಲ್ಲ! ಹಿಡಿ ಸಣ್ಣದಾಗಿತ್ತು, ಬಟ್ಟಿನ ಸಂದ್ಯಾಗ ಸುತ್ತಿ ಜಾರಿ ಬಿತ್ತು. "ನೋಡಿದಿ? ನನ್ನ ಕೈ ಸತ್ತೈತಪಾ" ಅಂತ ಮುದುಕಿ ಕಣ್ಣಾಗ ನೀರು ತಂದಳು.

ಬನಪ್ಪ ಮನಿಗೆ ಬಂದು ತಲಿ ಮ್ಯಾಲ ಕೈ ಹೊತ್ತು ಕುಂತ. ಶಾಕವ್ವ ಒಣಗಿದ ಮುದ್ದಿ ಎತ್ತಿ ನೋಡಿದಳು. "ನೀರಿಗೆ ಬಿದ್ರ ಅರಿವಿ ಕುಗ್ಗತೈತಿ ಅಂತ ಪ್ರತಿ ಸೀರಿಗೂ ನಾಕು ಬಟ್ಟು ಹೆಚ್ಚಿಗೆ ನೇಯತಿ. ಒಣಗಿದ್ರ ಮಣ್ಣು ಕುಗ್ಗೂದಿಲ್ಲೇನು?" ಅಂದಳು. ಹೌದಲ್ಲೋ! ಬ್ಯಾರೆಯವರ ಚಾಕುವಿಗೆ ಒಂದೆಳಿ ಹೆಚ್ಚುಕಮ್ಮಿ ಆದ್ರ ನಡೀತಿತ್ತು, ಸರಿ ಇದ್ದ ಕೈ ಸಂಭಾಳಿಸಕೋತಿತ್ತು. ಈ ಕೈ ಸಂಭಾಳಿಸಾಕ ಬರತಿರಲಿಲ್ಲ. ಹುಟ್ಟಾ ನೇಕಾರಗ ಕುಗ್ಗೂದು ನೆನಪಾಗಲಿಲ್ಲ ಅಂದ್ರ ಏನನ್ನೂಣು!

ಮುಂದಿನ ಅಮಾಸಿಗೆ ಇಪ್ಪತ್ತೆಂಟು ದಿನ. ಹಂಪವ್ವಗ ಉಳಿದದ್ದು ನಾಕೋ ಐದೋ. ಮಗ್ಗದ ಮ್ಯಾಲ ಮದುವಿ ಸೀರಿ ಅರ್ಧಕ್ಕ ನಿಂತಿತ್ತು. ಬನಪ್ಪ ಲಾಳಿ ಕೆಳಗಿಟ್ಟ. ಮಗ್ಗಕ್ಕ ಕೈಮುಗದ. ಸೀರಿ ಅರ್ಧಕ್ಕ ಬಿಟ್ಟು ಮಗ್ಗದ ಕುಣಿಯಿಂದ ಎದ್ದದ್ದು ಅದ ಮೊದಲು, ಅಂತಾರ. ಗಾಳೆವ್ವನ ಕಾಲಿಗೆ ಬಿದ್ದು ಮತ್ತೊಂದು ಮುದ್ದಿ ಹಿಡಿಸಿದ. ಈ ಸಲ ಒಣಗಿಸಲಿಲ್ಲ, ಹಸಿ ಅರಿವ್ಯಾಗ ಸುತ್ತಿಟ್ಟುಕೊಂಡು, ಗಳಿಗಿಗೊಮ್ಮೆ ಬಿಚ್ಚಿ ನೋಡಿ ಕೆತ್ತಿದ. ಚಾಕುವಿನ ಬಾಲ ಕಾಸಿ ಹಿಡಿಗೆ ಇಳಿಸಬೇಕಲ್ಲ, ಮೌನಪ್ಪ ಬಿತ್ತಿಗಿಯ ಹೊತ್ತಿನಾಗ ಮಂದಿ ತಿದ್ದಿಸಾಕ ತಂದ ಬಿತ್ತೂ ಕುರಗಿ ಬದಿಗಿಟ್ಟು ತಾನ ತಿದಿ ಒತ್ತಿದ. ಅವತ್ತು ಅಂವ ನಗಲಿಲ್ಲ.

ಹಿಡಿಗೆ ಎಣ್ಣಿ ಹಚ್ಚೂದು ಬಾಕಿ ಇತ್ತು, ಹಂಪವ್ವಗ ಬ್ಯಾನಿ ಸುರು ಆತು. ನಡುಮಧ್ಯಾಹ್ನ. ಬನಪ್ಪ ಚಾಕು ಹಿಡಕೊಂಡು ಗಾಳೆವ್ವನ್ನ ಕೈಹಿಡದು ಕರಕೊಂಡು ಬಂದ.

ಚಾಕು ಯಾರೂ ಕೈಯಿಂದ ಕೈಗೆ ಕೊಡೂದಿಲ್ಲ, ಜಗಳ ಬೀಳತೈತಿ ಅಂತ. ನೆಲಕ್ಕಿಡತಾರ, ಬೇಕಾದವರು ಎತ್ತಿಕೊಳ್ಳತಾರ. ಬನಪ್ಪನೂ ಹೊಸಲಿನ ಮುಂದ ನೆಲಕ್ಕಿಟ್ಟ. ಗಾಳೆವ್ವ ಎಡಗೈಲೆ ಚೌಕಟ್ಟು ಹಿಡದು ಬಗ್ಗಿದಳು. ಸೊಟ್ಟ ಬಟ್ಟಿಗೆ ನೆಲದ ಮ್ಯಾಲಿನ ಚಾಕು ಎತ್ತಾಕ ಬರಲಿಲ್ಲ. ಒಳಗ ಮಗಳು ಚೀರತಾಳ. "ಜಗಳ ಬಿದ್ರ ಬೀಳಲಿ!" ಅಂದು ಬನಪ್ಪ ಚಾಕು ಎತ್ತಿ ಮುದುಕಿ ಕೈಯಾಗನ ಇಟ್ಟ. ಬಟ್ಟು ಅದರ ಸುತ್ತ ಕುಂತುವು. ಗಾಳೆವ್ವ ಒಂದು ಸಲ ಕೈ ಝಾಡಿಸಿ ನೋಡಿದಳು. ಬೀಳಲಿಲ್ಲ. ಒಳಗ ಹೋಗಿ ಕದಾ ಹಾಕಿದಳು.

ಆಮ್ಯಾಲ ಜಗಳ ಬಿತ್ತು ನೋಡ್ರಿ! ಬನಪ್ಪಗ ಹೊರಗ ನಿಂತ ಕಾಲು ನಿಲ್ಲವಲ್ಲದು. "ಹಿಡಿಗೆ ಇನ್ನೂ ಎಣ್ಣಿ ಹಚ್ಚಿಲ್ಲ ಬೇ, ಸಾವಕಾಶ" ಅಂತ ಕೂಗಿದ. "ಗಂಡಸಾಗಿ ನನಗ ಕಲಸಾಕ ಬಂದೇನು, ಬಾಯಿ ಮುಚ್ಚು" ಅಂತ ಒಳಗಿಂದ ಬಂತು. "ಬಿಗಿ ಹಿಡಿ" ಅಂತ ಇವ. "ನಿನ್ನ ತಲ್ಯಾಗೂ ಅದ ಮಣ್ಣು ತುಂಬೈತೇನೋ" ಅಂತ ಆಕಿ. ಇವ ಒಂದಂದ್ರ ಆಕಿ ಹತ್ತು. ಓಣಿ ಮಂದಿ ಕೂಡಿತು. ಶಾಕವ್ವ, "ಕೈಗೆ ಕೊಟ್ಟೆಲ್ಲ, ಕೆಟ್ಟಿತಲ್ಲೋ" ಅಂತ ನೆಲಕ್ಕ ಕುಂತಳು.

ಒಮ್ಮಿಗೇ ಒಳಗಿನ ಬೈಗಳ ನಿಂತಿತು.

ಬನಪ್ಪ ಕದಕ್ಕ ಕಿವಿ ಹಚ್ಚಿದ. ಗಾಳೆವ್ವ ಸುಮ್ಮನ. ಹಂಪವ್ವ ಸುಮ್ಮನ. ಬೈಯ್ ಬೇ, ಏನರ ಬೈಯ್, ಅಂತ ಅವನ ತುಟಿ ಅಲುಗತಿದ್ದುವು. ಇದ್ದಬದ್ದ ದೇವರ ಹೆಸರು ನೆನಪಾಗಲಿಲ್ಲ, ಆ ಹಿಡಿ ಒಂದ ಕಣ್ಣ ಮುಂದ.

ಆವಾಗ ಕೂಸು ಅತ್ತಿತು.

ಕದಾ ತಗದು ಗಾಳೆವ್ವ ಹೊರಗ ಬಂದಳು. ಕೊಳ್ಳಿಗೆ ಎರಡು ಸುತ್ತು ಬಳ್ಳಿ ಇತ್ತಂತ, ಒಂದ ಸಲಕ್ಕ ಕೊಯ್ದೆ ಅಂದಳು. ತಾಯಿ ನಗಲಿಕ್ಹತ್ಯಾಳ, ಕೂಸು ಹೆಣ್ಣು ಅಂದಳು. ಚಾಕು ಇನ್ನೂ ಕೈಯಾಗನ ಇತ್ತು. "ಬಿಡಸಾಕ ಬರವಲ್ಲದಲ್ಲೋ ಮೂಳಾ" ಅಂತ ಬನಪ್ಪಗ ಬೈದು, ಬೈಯ್ಕೋತನ ಅತ್ತಳು. ಬನಪ್ಪ ಆಕಿ ಒಂದೊಂದ ಬಟ್ಟು ಬಿಡಿಸಿಕೋತ ತಾನೂ ಅತ್ತ. ಶಾಕವ್ವ ಇಬ್ಬರಿಗೂ ಬೆಲ್ಲ ತಂದು ಬಾಯಾಗ ತುರುಕಿದಳು.

ಗಾಳೆವ್ವ ಅದ ಚಾಕುವಿನಿಂದ ನೂರು ಕೂಸು ಹಡಿಸಿದಳು, ಅಂತಾರ. ಆಕಿನೂ ಹೋದಳು, ಬನಪ್ಪನೂ ಹೋದ. ಆದ್ರ ಆ ಊರಾಗ ಹೆರಿಗಿ ಮನಿಗೆ ಬಂದ ಚಾಕು ಇವತ್ತಿಗೂ ನೆಲಕ್ಕಿಡೂದಿಲ್ಲ. ಕೂಸಿನ ಅಜ್ಜ ತಾನ ಕೈಗೆ ಕೊಡತಾನ. ಕೊಟ್ಟು, ಹೊಸಲಿನ ಹೊರಗ ನಿಂತು, ಒಳಗಿನವರ ಕೂಡ ಬೇಕಂತನ ಜಗಳಾ ತಗೀತಾನ. ಒಳಗಿನವರೂ ಬಿಡೂದಿಲ್ಲ, ಬಾಯಿಗೆ ಬಂದಂಗ ಬೈತಾರ. ಓಣಿ ಮಂದಿ ನಿಂತು ನಗತಾರ. ಆಮ್ಯಾಲ ಒಳಗಿನ ಬೈಗಳ ನಿಲ್ಲತೈತಿ, ಹೊರಗ ಯಾರೂ ನಗೂದಿಲ್ಲ. ಕೂಸು ಅಳೂತನಕಾ ಅಜ್ಜ ಕದಕ್ಕ ಕಿವಿ ಹಚ್ಚಿ ನಿಂತಿರತಾನ.