ಗಾಳಿಗೆ ಸಿಕ್ಕ ರಹದಾರಿ

"ನಮ್ಮ ಅಪ್ಪಣೆಯಿಲ್ಲದೆ ಈ ಚಪ್ಪರದೊಳಗೆ ಒಂದು ಇರುವೆಯೂ ಕಾಲಿಡುವಂತಿಲ್ಲ," ಎಂದು ಸೋಮಗಿರಿಯ ದೊರೆ ಕೆಂಚರಾಯ ಹೆಮ್ಮೆಯಿಂದ ಹೇಳಿ, ಮುಖದ ಬೆವರು ಒರೆಸಿಕೊಂಡ.

ಬೇಸಿಗೆಯಲ್ಲಿ ಹಾಯಾಗಿರಲೆಂದೇ ಅರಮನೆಯ ಹಿತ್ತಲಲ್ಲಿ ಕಟ್ಟಿಸಿದ ಚಪ್ಪರ ಅದು. ಮೇಲೆ ತೆಂಗಿನ ಗರಿ, ಸುತ್ತ ಮಲ್ಲಿಗೆ ಬಳ್ಳಿ, ನಡುವೆ ನುಣುಪು ಕಲ್ಲಿನ ಜಗಲಿ, ಮೂಲೆಯಲ್ಲಿ ಲಾವಂಚ ಹಾಕಿದ ನೀರಿನ ಹೂಜಿ. ಕಟ್ಟಿದ ಕೆಲಸದಲ್ಲಿ ಒಂದು ಲೋಪವೂ ಇರಲಿಲ್ಲ. ಆದರೂ ಒಳಗೆ ಕುಳಿತರೆ ಇಡ್ಲಿ ಪಾತ್ರೆಯಲ್ಲಿ ಕುಳಿತಂತಾಗುತ್ತಿತ್ತು.

ದೊರೆ ಎಲ್ಲಿ ಕುಳಿತರೂ ನಲವತ್ತು ಮಂದಿ ಸುತ್ತ ನಿಲ್ಲಬೇಕೆಂಬುದು ಆ ಅರಮನೆಯ ನಿಯಮ. ಈಟಿಯವರು, ಕಹಳೆಯವರು, ಬಿರುದು ಕೂಗುವವರು, ಚಾಮರದವರು, ಪನ್ನೀರಿನವರು. ದೊರೆಗೆ ಬೆನ್ನು ತೋರಿಸಬಾರದಾದ್ದರಿಂದ ಎಲ್ಲರೂ ಒಳಮುಖವಾಗಿ, ಭುಜಕ್ಕೆ ಭುಜ ತಾಗಿಸಿ ನಿಲ್ಲುತ್ತಿದ್ದರು.

"ಇಷ್ಟೆಲ್ಲ ಮಾಡಿಸಿದರೂ ಸೆಖೆ ಯಾಕೆ?" ಎಂದು ದೊರೆ ಕೇಳಿದ.

"ಬಳ್ಳಿ ಬಾಡಿದೆ, ಮಹಾಸ್ವಾಮಿ," ಎಂದ ಪ್ರಧಾನಿ ಭುಜಂಗಯ್ಯ. "ತೋಟದವಳು ಸೋಮಾರಿ."

ತೋಟದ ಸಿದ್ದವ್ವನನ್ನು ಕರೆಸಿದರು. ಅರವತ್ತು ದಾಟಿದ ಹೆಂಗಸು. ಸೊಂಟದ ಮೇಲಿನ ಕೊಡವನ್ನೂ ಇಳಿಸದೆ ಬಂದು ನಿಂತಳು.

"ಬಾವಿ ಆ ತುದಿ, ಬಳ್ಳಿ ಈ ತುದಿ, ಬುದ್ಧಿ. ಹೊರೋಳು ನಾನೊಬ್ಬಳೇ. ಎರಡನೇ ಕೊಡ ತರೋ ಹೊತ್ತಿಗೆ ಮೊದಲನೇದು ಒಣಗಿರುತ್ತೆ."

"ನೆಪ ಬೇಡ. ನಾಳೆ ಮಧ್ಯಾಹ್ನದೊಳಗೆ ಇಲ್ಲಿ ತಂಪು ಗಾಳಿ ಬೀಸಬೇಕು. ಇಲ್ಲವಾದರೆ ನಿನ್ನ ಗುಡಿಸಲು ಖಾಲಿ ಮಾಡು."

ಮದುವೆಯಾಗಿ ಬಂದ ದಿನದಿಂದ ಸಿದ್ದವ್ವ ಬಾಳಿದ್ದು ತೋಟದ ಮೂಲೆಯ ಆ ಗುಡಿಸಲಿನಲ್ಲೇ. ಅವಳು ಕೊಡವನ್ನು ಕೆಳಗಿಳಿಸಿದಳು.

ಆಸ್ಥಾನದ ವಿದೂಷಕ ಬೊಮ್ಮರಸ ಇದನ್ನು ನೋಡಿದ. ಕಡ್ಡಿಯಂಥ ಆಸಾಮಿ, ನಾಲಿಗೆಯೊಂದೇ ಪುಷ್ಟವಾಗಿತ್ತು.

"ಗಾಳಿ ಆಗಲೇ ಬಂದಿದೆಯಲ್ಲ, ಮಹಾಸ್ವಾಮಿ," ಎಂದ. "ನಾನು ಬರುವಾಗ ಹೊರಗೆ ನಿಂತಿತ್ತು."

"ಒಳಗೆ ಯಾಕೆ ಬರಲಿಲ್ಲ?"

"ಅಪ್ಪಣೆಯಿಲ್ಲದೆ ಇರುವೆಯೂ ಬರಬಾರದು ಎಂದಿರಿ. ಕೇಳಿಸಿಕೊಂಡಿರಬೇಕು. ಮರ್ಯಾದಸ್ಥ ಗಾಳಿ."

ದೊರೆಗೆ ಬಹಳ ಸಂತೋಷವಾಯಿತು. ಗಾಳಿಯೂ ತನಗೆ ಹೆದರುತ್ತದೆಂದು ಅವನಿಗೆ ಅದುವರೆಗೆ ಗೊತ್ತಿರಲಿಲ್ಲ. "ಸರಿ. ಅಪ್ಪಣೆ ಕೊಟ್ಟೆವು. ಬರಲಿ."

"ಬಾಯಿಮಾತು ಸಾಲದು. ಬಾಗಿಲಲ್ಲಿ ಯಾರಾದರೂ ತಡೆದರೆ? ಒಂದು ರಹದಾರಿ ಬರೆಸಿ."

ಪ್ರಧಾನಿಯೇ ಬರೆದ: 'ಗಾಳಿಯು ನಮ್ಮ ಖಾಸಾ ಅತಿಥಿ. ಅದರ ದಾರಿಗೆ ಅಡ್ಡ ನಿಂತವರು ಬೇಸಿಗೆ ಮುಗಿಯುವವರೆಗೆ ಮಲ್ಲಿಗೆಗೆ ನೀರು ಹೊರತಕ್ಕದ್ದು.' ಒಕ್ಕಣೆಗೆ ಗಾಂಭೀರ್ಯ ಸಾಲದೆಂದು ತಾನಾಗಿಯೇ 'ಎಷ್ಟೇ ದೊಡ್ಡವರಾಗಲಿ' ಎಂದೂ ಸೇರಿಸಿದ. ದೊರೆ ಮುದ್ರೆ ಒತ್ತಿದ.

ಮರುದಿನ ಬೆಳಿಗ್ಗೆ ದೊರೆ ಜಗಲಿಯ ಮೇಲೆ ಕುಳಿತ. ರಾಣಿ ಗೌರಾಂಬೆ ಅವನ ಹಿಂದೆ ಕುಳಿತಳು. ನಲವತ್ತು ಮಂದಿ ಸುತ್ತ ನಿಂತರು. ಬೊಮ್ಮರಸ ಚಾಪೆ ತಂದು ನೆಲಕ್ಕೆ ಹಾಸಿ ಮಲಗಿಬಿಟ್ಟ.

"ಇದೇನು?" ಎಂದ ದೊರೆ.

"ಅತಿಥಿ ಯಾವ ಕಡೆಯಿಂದ ಬರುತ್ತಾರೆಂದು ಪರೀಕ್ಷೆ, ಮಹಾಸ್ವಾಮಿ. ಹಾಂ, ಪಡುವಣದಿಂದ. ಅಲ್ಲಿ ಅಡ್ಡ ನಿಂತವರು ಯಾರು?"

"ಈಟಿಯವರು," ಎಂದರು ಈಟಿಯವರು.

"ಈಟಿ ಅಲ್ಲಿಡಿ, ಕೊಡ ತೆಗೆದುಕೊಳ್ಳಿ."

ಬಾವಿಯ ಬಳಿ ಸಿದ್ದವ್ವ ಕೊಡಗಳನ್ನು ಸಾಲಾಗಿ ಜೋಡಿಸಿಟ್ಟಿದ್ದಳು. ಈಟಿಯವರು ಹೋದರು. ಕಹಳೆಯವರೂ ಹೋದರು. ಚಾಮರದವರು ಮಾತ್ರ ಅಲ್ಲಾಡಲಿಲ್ಲ.

"ಗಾಳಿ ಹಾಕೋರೇ ನಾವು, ಸ್ವಾಮಿ."

"ಅತಿಥಿಯ ಕೆಲಸವನ್ನು ಅತಿಥಿಯ ಎದುರಿಗೇ ಮಾಡುವುದು ಅವಮಾನ. ಕೊಡ ಅಲ್ಲಿದೆ."

"ನಾನು ಪ್ರಧಾನಿ," ಎಂದು ಭುಜಂಗಯ್ಯ ಎಚ್ಚರಿಸಿದ.

"ಅಗಲದಲ್ಲೂ ತಾವೇ ಪ್ರಧಾನಿ. ಎರಡು ಕೊಡ."

ಒಬ್ಬೊಬ್ಬರು ಸರಿದಂತೆ ಗಾಳಿ ಒಳಗೆ ಬಂತು. ಮೊದಲು ದೊರೆಯ ಮೀಸೆ ಅಲುಗಿತು, ಆಮೇಲೆ ಶಲ್ಯದ ಅಂಚು. "ಆಹಾ," ಎಂದು ಅವನು ಕಣ್ಣು ಮುಚ್ಚಿದ.

"ನನಗೆ ಒಂದಿಷ್ಟೂ ಬರುತ್ತಿಲ್ಲ," ಎಂದಳು ರಾಣಿ.

ದೊರೆ ಕಣ್ಣು ತೆರೆದು ಸುತ್ತ ನೋಡಿದ. ಗಾಳಿಗೂ ರಾಣಿಗೂ ನಡುವೆ ಇದ್ದವನು ಒಬ್ಬನೇ.

"ಪ್ರಧಾನಿಗಳೇ, ಆ ರಹದಾರಿಯಲ್ಲಿ ಏನೋ ಬರೆದಿದ್ದಿರಲ್ಲ," ಎಂದಳು ರಾಣಿ. "ಇನ್ನೊಮ್ಮೆ ಹೇಳಿ."

ಭುಜಂಗಯ್ಯ ಎರಡೂ ಕೊಡಗಳನ್ನು ಹೊತ್ತುಕೊಂಡೇ ನೆಲ ನೋಡಿದ. "ಎಷ್ಟೇ ದೊಡ್ಡವರಾಗಲಿ," ಎಂದು ಗೊಣಗಿದ.

ಮುದ್ರೆ ಒತ್ತಿದವನು ತಾನೇ. ದೊರೆ ಕಿರೀಟವನ್ನು ರಾಣಿಯ ಕೈಗೆ ಕೊಟ್ಟು, ಬಾವಿಯಿಂದ ಒಂದು ಕೊಡ ಹೊತ್ತು ತಂದು, ಬಳ್ಳಿಯ ನೆತ್ತಿಯ ಮೇಲೆ ಸುರಿದ.

"ಎಲೆಗಲ್ಲ ಬುದ್ಧಿ, ಬುಡಕ್ಕೆ," ಎಂದಳು ಸಿದ್ದವ್ವ. "ಮೆಲ್ಲಗೆ."

ಮೂರನೆಯ ಕೊಡಕ್ಕೆ ದೊರೆಯ ಸೊಂಟ ಹಿಡಿದುಕೊಂಡಿತು. "ಸಿದ್ದವ್ವ, ಇಷ್ಟು ವರ್ಷ ಒಬ್ಬಳೇ ಹೇಗೆ ಹೊತ್ತೆ?"

"ನಿಂತು ನೋಡೋಕೆ ನಲವತ್ತು ಜನ ಇದ್ರಲ್ಲ, ಬುದ್ಧಿ."

ದೊರೆ ತುಂಬಿದ ಕೊಡವನ್ನು ಇನ್ನೊಂದು ಕಡೆಗೆ ಬದಲಿಸಿಕೊಂಡ. ಆಮೇಲೆ, "ಗುಡಿಸಲು ಇನ್ನು ನಿನ್ನದೇ," ಎಂದ. "ನೀರು ಹೊರುವುದು ಇವರದು. ನೀನು ನಿಂತು ನೋಡು."

ಅಷ್ಟರಲ್ಲಿ ಅವನ ಕಣ್ಣು ಚಾಪೆಯ ಮೇಲೆ ಬಿತ್ತು. "ಬೊಮ್ಮರಸ, ನೀನೂ ಬೆಳಗಿನಿಂದ ಇಲ್ಲೇ ಇದ್ದೀಯ. ನಿನ್ನ ಕೊಡ ಎಲ್ಲಿ?"

ಬೊಮ್ಮರಸ ಮಗ್ಗುಲು ಬದಲಿಸಿದ.

"ಅತಿಥಿ ನನ್ನ ಮೇಲಿಂದ ಸರಾಗವಾಗಿ ಹಾದುಹೋಗುತ್ತಿದ್ದಾರೆ, ಮಹಾಸ್ವಾಮಿ. ತಮ್ಮ ಆಜ್ಞೆಯನ್ನು ಇಷ್ಟು ಶ್ರದ್ಧೆಯಿಂದ ಪಾಲಿಸುತ್ತಿರುವವನು ಈ ಅರಮನೆಯಲ್ಲಿ ನಾನೊಬ್ಬನೇ."

ದೊರೆ ನಕ್ಕ ನಗುವಿಗೆ ಕೊಡದ ನೀರೆಲ್ಲ ಅವನ ಕಾಲ ಮೇಲೆಯೇ ಚೆಲ್ಲಿತು. ಅವನೂ ಒಂದು ಚಾಪೆ ತರಿಸಿದ. ಅಂದಿನಿಂದ ಆ ಚಪ್ಪರದಲ್ಲಿ ಯಾರೇ ಆಗಲಿ ಮಲಗಿಯೇ ಮಾತಾಡಬೇಕೆಂದು ಹೊಸ ನಿಯಮವಾಯಿತು. ಪ್ರಧಾನಿ ಅಹವಾಲುಗಳನ್ನು ಅಂಗಾತ ಮಲಗಿ ಓದುತ್ತಿದ್ದ. ಎರಡನೆಯದು ಮುಗಿಯುವುದರೊಳಗೆ ಅವನ ಗೊರಕೆಗೆ ಮಲ್ಲಿಗೆ ಬಳ್ಳಿ ಅಲುಗುತ್ತಿತ್ತು.