ಕಪ್ಪು ಬಳಿದ ಚಾಸಿ

"ಗುರುಗಳೇ, ಇಬ್ಬರು ಎರಡು ಥರ ಹೇಳಿದರೆ ಯಾರನ್ನು ನಂಬಬೇಕು?" ಎಂದು ಕೊಟ್ರಯ್ಯ ಕೇಳಿದ.

ಕೊಟ್ರಯ್ಯ ಮಠದ ಹಳೆಯ ಶಿಷ್ಯ. ಅವನಿಗೂ ಅವನ ಅಣ್ಣನಿಗೂ ಮಾತು ನಿಂತುಹೋಗಿತ್ತು. ಅಣ್ಣನೊಡನೆ ರಾಜಿಯಾಗುವುದೋ, ಬೇರೆ ಮನೆ ಮಾಡುವುದೋ ಎಂದು ಊರಿನ ಇಬ್ಬರು ಹಿರಿಯರನ್ನು ಕೇಳಿ ಬಂದಿದ್ದ. ಒಬ್ಬರು ಅಣ್ಣನ ಕಾಲು ಹಿಡಿ ಎಂದರಂತೆ. ಇನ್ನೊಬ್ಬರು ನಿನ್ನದೇನೂ ತಪ್ಪಿಲ್ಲ, ಬೇರೆಯಾಗು ಎಂದರಂತೆ. ಮೊದಲನೆಯವರು ಅಣ್ಣನ ಕಡೆಯವರು, ಎರಡನೆಯವರಿಗೆ ಮನೆ ಒಡೆಯುವುದೇ ಕಸುಬು, ಇಬ್ಬರ ಮೇಲೂ ತನಗೆ ಅನುಮಾನ ಎಂದು ಕೊಟ್ರಯ್ಯ ಹೇಳಿಕೊಂಡ. ಆಮೇಲೆ ಅಣ್ಣನ ತಪ್ಪುಗಳನ್ನೆಲ್ಲ ಹೇಳುತ್ತಾ ಹೋದ. ಅದು ಮುಗಿಯುವುದಕ್ಕೆ ತುಂಬಾ ಹೊತ್ತು ಹಿಡಿಯಿತು.

ಗುರುಗಳು ಪೂರ್ತಿ ಕೇಳಿಸಿಕೊಂಡು ಕತೆ ಶುರುಮಾಡಿದರು.

ಒಬ್ಬ ಉಪ್ಪಿನ ವ್ಯಾಪಾರಿ ಇದ್ದ. ಸಮುದ್ರದ ಬದಿಯ ಊರಿನಿಂದ ಪಿಕಪ್ ಗಾಡಿಯಲ್ಲಿ ಉಪ್ಪಿನ ಮೂಟೆ ಹೇರಿಕೊಂಡು ಘಾಟಿ ಹತ್ತಿ, ಮೇಲಿನ ಊರುಗಳ ಸಂತೆಯಲ್ಲಿ ಮಾರುತ್ತಿದ್ದ. ಗಾಡಿ ಅವನೇ ಓಡಿಸುತ್ತಿದ್ದ, ಪಕ್ಕದಲ್ಲಿ ಹೆಂಡತಿ ಕೂರುತ್ತಿದ್ದಳು. ಆಸಾಮಿ ಮಹಾ ಅನುಮಾನದವನು. ಯಾರಾದರೂ ನಮಸ್ಕಾರ ಅಂದರೂ ಇವನಿಗೆ ನನ್ನಿಂದ ಏನು ಬೇಕಾಗಿದೆಯೋ ಅಂದುಕೊಳ್ಳುತ್ತಿದ್ದ.

ಉಪ್ಪು ಕಬ್ಬಿಣವನ್ನು ಸುಮ್ಮನೆ ಬಿಡುತ್ತದೆಯೇ? ಮೂಟೆಯಿಂದ ಸೋರಿದ ನೀರು ವರ್ಷಗಟ್ಟಲೆ ಗಾಡಿಯ ಅಡಿಗೆ ಇಳಿದಿತ್ತು. ಇಡೀ ಗಾಡಿಯನ್ನು ಹೊತ್ತು ನಿಂತ ಅಡಿಯ ಚೌಕಟ್ಟು ಇರುತ್ತದಲ್ಲ, ಗಾಡಿಯವರು ಚಾಸಿ ಅನ್ನುತ್ತಾರೆ, ಅದು ತುಕ್ಕು ಹಿಡಿದು ಹೆಕ್ಕಳಿಕೆ ಹೆಕ್ಕಳಿಕೆಯಾಗಿ ಉದುರತೊಡಗಿತು. ವ್ಯಾಪಾರಿ ಒಬ್ಬ ವೆಲ್ಡಿಂಗಿನವನಿಗೆ ತೋರಿಸಿದ. ಅವನು ಗಾಡಿಯ ಅಡಿಗೆ ನುಗ್ಗಿ ಸ್ಕ್ರೂಡ್ರೈವರಿನಿಂದ ಚುಚ್ಚಿದ. ಅದು ಒಳಗೇ ಹೋಯಿತು.

"ಇದು ಹೋಗಿದೆ ಸಾವ್ಕಾರ್ರೇ. ಕೊಳೆತದ್ದನ್ನೆಲ್ಲ ಕತ್ತರಿಸಿ ಹೊಸ ಕಬ್ಬಿಣ ಕೂರಿಸಬೇಕು. ಆಗಲ್ಲ ಅಂದರೆ ಗುಜರಿಗೆ ಹಾಕಿ. ಈ ಗಾಡೀಲಿ ಮಾತ್ರ ಘಾಟಿ ಹತ್ತಬೇಡಿ" ಎಂದ.

ವ್ಯಾಪಾರಿಯ ಕಣ್ಣು ಅಂಗಡಿಯ ಮೂಲೆಗೆ ಹೋಯಿತು. ಅಲ್ಲಿ ಹೊಸ ಕಬ್ಬಿಣದ ಪಟ್ಟಿಗಳಿದ್ದವು. ಓಹೋ, ಇದಾ ವಿಷಯ, ಇವನ ಮಾಲು ಖರ್ಚಾಗಬೇಕು, ಅದಕ್ಕೆ ನನ್ನ ಗಾಡಿಯೇ ಸಿಕ್ಕಿತು ಅಂದುಕೊಂಡ. ಆ ಮನುಷ್ಯ ಸ್ಕ್ರೂಡ್ರೈವರ್ ಬೇಕೆಂದೇ ಜೋರಾಗಿ ತಿವಿದನೇನೋ ಅಂತಲೂ ಅನ್ನಿಸಿತು.

ಮನೆಗೆ ಬಂದು ಯೋಚಿಸಿದ. ತುಕ್ಕು ಕಣ್ಣಿಗೆ ಕಂಡರೆ ಯಾವನು ತಾನೇ ಕೆಲಸ ಹುಟ್ಟಿಸುವುದಿಲ್ಲ? ಕಾಣದ ಹಾಗೆ ಮಾಡಿ ಕೇಳಿದರೆ ಪ್ರಾಮಾಣಿಕ ಯಾರು, ಕಳ್ಳ ಯಾರು ಗೊತ್ತಾಗುತ್ತದೆ. ಗಾಡಿಯನ್ನು ತಪಾಸಣೆಗೆ ಒಯ್ಯುವ ಮುಂಚೆ ಅಡಿಗೆ ಕಪ್ಪು ಬಣ್ಣ ಬಳಿಯುವುದು ಅವನಿಗೆ ರೂಢಿಯೇ ಇತ್ತು. ಈ ಸಲ ಇನ್ನೂ ಶ್ರದ್ಧೆಯಿಂದ ಮಾಡಿದ. ತೂತುಗಳಿಗೆ ಪುಟ್ಟಿ ಮೆತ್ತಿದ, ಒಣಗಿದ ಮೇಲೆ ಉಜ್ಜಿ ನಯಮಾಡಿದ, ಕಪ್ಪು ಬಳಿದ. ಹೆಂಡತಿ ಬಣ್ಣದ ಡಬ್ಬಿ ಹಿಡಿದು ಪಕ್ಕದಲ್ಲಿ ಕೂತಿದ್ದಳು. ಚಾಸಿ ಮದುವಣಗಿತ್ತಿಯ ಹುಬ್ಬಿನ ಹಾಗೆ ಮಿರಮಿರ ಮಿಂಚಿತು.

ಬೇರೆ ಊರಿನ ಇನ್ನೊಬ್ಬ ವೆಲ್ಡಿಂಗಿನವನ ಹತ್ತಿರ ಒಯ್ದ. ಅವನು ಬಗ್ಗಿ ನೋಡಿ, ಚೆನ್ನಾಗೇ ಇದೆಯಲ್ಲ, ಆರಾಮಾಗಿ ಓಡಿಸಿ ಎಂದ. ವ್ಯಾಪಾರಿಗೆ ಖುಷಿಯಾಯಿತು. ಚಹಾ ಕುಡಿದು ಮುಗಿಸುವಷ್ಟರಲ್ಲಿ ಆ ಖುಷಿಯೂ ಹೋಯಿತು. ಕೈಗೆ ಬಂದ ಕೆಲಸವನ್ನು ಯಾರಾದರೂ ಬಿಡುತ್ತಾರೆಯೇ? ಗಾಡಿ ಪೂರ್ತಿ ಕೆಟ್ಟು ಬರಲಿ, ಆಗ ಸುಲಿಯೋಣ ಅಂತ ಹೊಂಚು ಹಾಕಿದ್ದಾನೆ ಅಂದುಕೊಂಡ.

ಮೂರನೆಯವನ ಹತ್ತಿರ ಹೋದ. ಅವನು ಸುತ್ತಿಗೆ ಎತ್ತಿಕೊಂಡು ಗಾಡಿಯ ಅಡಿಗೆ ಹೊರಟ. "ಏಯ್, ಹೊಡೆಯಬೇಡ, ಬಣ್ಣ ಹೋಗುತ್ತೆ" ಎಂದು ವ್ಯಾಪಾರಿ ತಡೆದ. ಆ ಮನುಷ್ಯ ಸುತ್ತಿಗೆ ಕೆಳಗಿಟ್ಟ.

"ಮುಟ್ಟಬೇಡ ಅಂದಮೇಲೆ ನಾನೇನು ಹೇಳಲಿ? ನೋಡೋಕೆ ಗಟ್ಟಿಯಾಗೇ ಇದೆ" ಎಂದ.

ಗಟ್ಟಿಯಾಗೇ ಇದೆ ಎಂಬ ಮಾತು ವ್ಯಾಪಾರಿಯ ಕಿವಿಯಲ್ಲಿ ಉಳಿಯಿತು, ಅದರ ಹಿಂದಿನ ಮಾತು ಉಳಿಯಲಿಲ್ಲ. ಇಬ್ಬರು ಚೆನ್ನಾಗಿದೆ ಅಂದರು, ಕೆಟ್ಟಿದೆ ಅಂದವನು ಒಬ್ಬನೇ, ಅವನೇ ಕಳ್ಳ ಎಂದು ತೀರ್ಮಾನ ಮಾಡಿದ. ಆಮೇಲೆ ದಿನಾ ಬೆಳಿಗ್ಗೆ ಬಗ್ಗಿ ಗಾಡಿಯ ಅಡಿ ನೋಡುತ್ತಿದ್ದ. ಕಪ್ಪಗೆ, ನಯವಾಗಿ ಕಾಣುತ್ತಿತ್ತು. ನೋಡುತ್ತಾ ನೋಡುತ್ತಾ ಧೈರ್ಯ ಬಂದುಬಿಟ್ಟಿತು. ಲೋಕದಲ್ಲಿ ಯಾರನ್ನೂ ನಂಬದವನು ತಾನೇ ಬಳಿದ ಬಣ್ಣವನ್ನು ನಂಬಿದ.

ಸಂತೆಯ ದಿನ ಮೂಟೆ ಹೇರಿದ. ಹೆಂಡತಿ ಗಾಡಿ ಹತ್ತಲಿಲ್ಲ.

"ಡಬ್ಬಿ ಹಿಡಿದವಳು ನಾನು ರೀ. ನಾನು ಬಸ್ಸಿಗೇ ಬರ್ತೀನಿ, ನೀವೂ ಬನ್ನಿ. ಉಪ್ಪು ಹಾಳಾಗಿ ಹೋಗಲಿ" ಎಂದಳು.

ಆ ಮೊದಲನೆಯ ವೆಲ್ಡಿಂಗಿನವನು ಇವಳ ತಲೆಯನ್ನೂ ಕೆಡಿಸಿದ್ದಾನೆ, ಇವಳೂ ಅವನ ಕಡೆಗೇ ಸೇರಿದಳು ಅಂದುಕೊಂಡು ವ್ಯಾಪಾರಿ ಒಬ್ಬನೇ ಹೊರಟ.

ಘಾಟಿಯ ಅರ್ಧದಲ್ಲಿ, ಒಂದು ಕಡಿದಾದ ತಿರುವಿನಲ್ಲಿ, ಚಾಸಿ ಮುರಿಯಿತು. ಮೂಟೆಗಳು ಒಡೆದು ರಸ್ತೆಯ ತುಂಬ ಉಪ್ಪು ಚೆಲ್ಲಿತು. ಗಾಡಿ ಹಿಂದಕ್ಕೆ ಜಾರಿ ಚರಂಡಿಗೆ ಬಿತ್ತು. ವ್ಯಾಪಾರಿಯ ಬಲಗಾಲು ನಜ್ಜುಗುಜ್ಜಾದ ಬಾಗಿಲಿನಲ್ಲಿ ಸಿಕ್ಕಿಕೊಂಡಿತು.

ಹಿಂದೆ ಬರುತ್ತಿದ್ದ ಬಸ್ಸು ನಿಂತಿತು. ಹೆಂಡತಿ ಎದೆ ಬಡಿದುಕೊಂಡು ಓಡಿಬಂದಳು. ಜನ ಸೇರಿ ಅವನನ್ನು ಎಳೆದು ರಸ್ತೆಯ ಬದಿಗೆ ಮಲಗಿಸಿದರು. ಅಲ್ಲಿಂದ ಅವನಿಗೆ ಮುರಿದ ಚಾಸಿಯ ತುದಿ ಕಂಡಿತು. ಕಪ್ಪು ಬಣ್ಣ ಎದ್ದು, ಒಳಗಿನಿಂದ ಪುಟ್ಟಿ ಪುಡಿಪುಡಿಯಾಗಿ ಉದುರುತ್ತಿತ್ತು. ಅಷ್ಟು ನೋವಿನಲ್ಲೂ ಅವನು ಕೂಗಿಕೊಂಡ.

"ನೋಡಿದೆಯೇನೇ! ಯಾವನೋ ಒಳಗೆ ಪುಟ್ಟಿ ತುಂಬಿ ಮೋಸ ಮಾಡಿದ್ದಾನೆ!"

ಹೆಂಡತಿ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅತ್ತಳು. ಗಾಡಿ ಗುಜರಿಗೆ ಹೋಯಿತು. ಆ ಕಾಲು ಮತ್ತೆ ನೆಟ್ಟಗಾಗಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಕೊಟ್ರಯ್ಯ ತೊಡೆ ತಟ್ಟಿ ನಕ್ಕ.

"ಎಂಥ ಪೆದ್ದ ಗುರುಗಳೇ! ತಾನೇ ಮೆತ್ತಿದ್ದು ತನಗೇ ಮರೆತುಹೋಗುತ್ತದೆಯೇ?"

ಗುರುಗಳು ನಗಲಿಲ್ಲ.

"ಆ ಹಿರಿಯರ ಮುಂದೆ ಹೋಗುವ ಮುಂಚೆ ನೀನು ಎಲ್ಲೆಲ್ಲಿ ಮೆತ್ತಿಕೊಂಡು ಹೋಗಿದ್ದೆ, ಕೊಟ್ರಯ್ಯ?"